ಇದ್ದಿಲ ಕಡ್ಡಿ ಮತ್ತು ನಮ್ಮ ಹರಾಮಿನ ಪಟ್ಟಿ

ಕಳೆದ ತಿಂಗಳು ನಮಗೊಂದು ಪತ್ರ ಬಂತು. ಬರೆದವರು ಕರಾವಳಿಯ ಸಣ್ಣ ಪೇಟೆಯೊಂದರಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ಒಬ್ಬ ತಂದೆ. ಅವರ ಮಗಳು ಪಿಯುಸಿ ಮುಗಿಸಿದ್ದಾಳೆ. ಅಂಗಡಿಯ ರಟ್ಟಿನ ಪೆಟ್ಟಿಗೆ, ಬಿಲ್ಲಿನ ಹಿಂಬದಿ, ಹಳೆಯ ಕ್ಯಾಲೆಂಡರಿನ ಖಾಲಿ ಮಗ್ಗುಲು ಹೀಗೆ ಕೈಗೆ ಸಿಕ್ಕಿದ್ದರ ಮೇಲೆಲ್ಲ ಚಿಕ್ಕಂದಿನಿಂದ ಚಿತ್ರ ಬಿಡಿಸುತ್ತಾ ಬಂದವಳು. ಈಗ ಚಿತ್ರಕಲಾ ಕಾಲೇಜಿಗೆ ಸೇರುತ್ತೇನೆ ಎನ್ನುತ್ತಿದ್ದಾಳೆ. ತಂದೆಗೆ ಅಡ್ಡಿಯಿರಲಿಲ್ಲ. ಆದರೆ ಜಮಾಅತಿನ ಹಿರಿಯರೊಬ್ಬರು ಅಂಗಡಿಗೆ ಬಂದು ಕೂತು, “ಅಲ್ಲಿ ಜೀವಂತ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಬಿಡಿಸುತ್ತಾರಂತೆ, ಕೆಲವು ಕಡೆ ಬಟ್ಟೆಯೂ ಇರುವುದಿಲ್ಲವಂತೆ, ಸುಮ್ಮನೆ ಬಿ.ಕಾಂ.ಗೆ ಹಾಕು” ಎಂದು ಹೇಳಿ ಹೋಗಿದ್ದಾರೆ. ಅಂದಿನಿಂದ ಮನೆಯಲ್ಲಿ ಮಾತಿಲ್ಲ. “ನೀವು ಪತ್ರಿಕೆ ನಡೆಸುವವರು, ನಾಲ್ಕು ಅಕ್ಷರ ಹೆಚ್ಚು ಓದಿದವರು. ನಾನೇನು ಮಾಡಲಿ?” ಎಂದು ಅವರು ಕೇಳಿದ್ದಾರೆ.

ನಾಲ್ಕು ಅಕ್ಷರ ಹೆಚ್ಚು ಓದಿದವರು ಎಂಬ ಮಾತು ನಮ್ಮನ್ನು ಚುಚ್ಚಿತು. ಇಂಥ ಪ್ರಶ್ನೆಗಳನ್ನು ನಾವು, ಅಂದರೆ ಬರೆಯುವ ಮುಸ್ಲಿಮರು, ಹಲವು ವರ್ಷಗಳಿಂದ ನಾಜೂಕಾಗಿ ದಾಟಿಕೊಂಡು ಬಂದಿದ್ದೇವೆ. ಹೊರಗಿನವರ ಮುಂದೆ ಇಸ್ಲಾಮಿನ ಕಲೆ ಎಂದರೆ ತಾಜಮಹಲು, ಗೋಳಗುಮ್ಮಟ, ಖುರ್‌ಆನಿನ ಕ್ಯಾಲಿಗ್ರಫಿ ಎಂದು ಹೆಮ್ಮೆಪಡುತ್ತೇವೆ. ಮನುಷ್ಯನ ಚಿತ್ರದ ಮಾತು ಬಂದರೆ ವಿಷಯ ಬದಲಿಸುತ್ತೇವೆ. ಈ ಸಲ ಬದಲಿಸುವುದು ಬೇಡ ಎಂದುಕೊಂಡಿದ್ದೇವೆ.

ಮೊದಲು ಆ ತರಗತಿಯಲ್ಲಿ ನಡೆಯುವುದು ಏನೆಂದು ತಿಳಿಯೋಣ. ಫತ್ವಾ ಕೊಡುವವರಲ್ಲಿ ಆ ಕೋಣೆಯ ಬಾಗಿಲು ದಾಟಿದವರು ಎಷ್ಟು ಮಂದಿಯೋ ನಮಗೆ ಅನುಮಾನ. ನಡುವೆ ಒಂದು ಹಲಗೆಯ ಕಟ್ಟೆ. ಅದರ ಮೇಲೆ ಒಬ್ಬ ಮನುಷ್ಯ. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಬಟ್ಟೆ ತೊಟ್ಟವರೇ ಕೂರುವುದು: ಪೇಟ ಸುತ್ತಿದ ಮುದುಕ, ಕೂಲಿಗೆ ಬಂದ ಹೆಂಗಸು, ಕೆಲವೊಮ್ಮೆ ಕಾಲೇಜಿನ ಜವಾನನೇ. ಸುತ್ತ ಹದಿನೈದಿಪ್ಪತ್ತು ಮಕ್ಕಳು ಈಸೆಲ್ ಹಿಡಿದು ನಿಂತಿರುತ್ತಾರೆ. ಕೈಯಲ್ಲಿ ಇದ್ದಿಲು. ಗಾಳಿಯಾಡದಂತೆ ಮುಚ್ಚಿ ಸುಟ್ಟ ವಿಲೋ ಮರದ ಸಣ್ಣ ಕಡ್ಡಿ ಅದು. ಮುಟ್ಟಿದರೆ ಬೆರಳು ಕಪ್ಪು, ಒತ್ತಿದರೆ ಪುಡಿ. ಮೊದಲು ಒಂದು ನಿಮಿಷ, ಎರಡು ನಿಮಿಷದ ಭಂಗಿಗಳು. ಮೂಗು ಕಣ್ಣು ಬರೆಯಲು ವ್ಯವಧಾನವೇ ಇಲ್ಲ. ಬೆನ್ನು ಎತ್ತ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಅಷ್ಟನ್ನೇ ಹಿಡಿಯಬೇಕು. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತವನ ಕೊರಳ ಗುಳಿಯಿಂದ ತೂಗುಗುಂಡು ಇಳಿಬಿಟ್ಟರೆ ಅದು ಆ ಕಾಲಿನ ಹಿಮ್ಮಡಿಯ ಹತ್ತಿರಕ್ಕೇ ಬಂದು ನಿಲ್ಲಬೇಕು. ಇಲ್ಲದಿದ್ದರೆ ಕಾಗದದ ಮೇಲಿನ ಮನುಷ್ಯ ಬೀಳುತ್ತಾನೆ. ಆಮೇಲೆ ಇಪ್ಪತ್ತು ನಿಮಿಷದ ಭಂಗಿ, ನಡುವೆ ಮಾದರಿಗೆ ಬಿಡುವು, ಮತ್ತೆ ಅದೇ ಭಂಗಿ.

ಇದಕ್ಕೆ ಇದ್ದಿಲನ್ನೇ ಏಕೆ ಆರಿಸುತ್ತಾರೆ ಎಂದರೆ ಅದು ಹಟ ಮಾಡುವುದಿಲ್ಲ. ತಪ್ಪಿದ ಗೆರೆಯನ್ನು ಬಟ್ಟೆಯಿಂದ ಕೊಡವಿದರೆ ಹೋಗುತ್ತದೆ. ಹಿಂದಿನ ಕಾಲದಲ್ಲಿ ಬ್ರೆಡ್ಡಿನ ತುಣುಕಿನಿಂದ ಒರೆಸುತ್ತಿದ್ದರು. ಆದರೆ ಪೂರ್ತಿ ಹೋಗುವುದಿಲ್ಲ, ಬೂದು ನೆರಳೊಂದು ಉಳಿಯುತ್ತದೆ. ಆ ನೆರಳಿನ ಮೇಲೆಯೇ ಸರಿಯಾದ ಗೆರೆ ಕೂರುತ್ತದೆ. ಈ ತರಗತಿಯಲ್ಲಿ ಮಗು ಕಲಿಯುವುದು ಮುಖ್ಯವಾಗಿ ಒಂದೇ ಸಂಗತಿ. ತನಗೆ ಗೊತ್ತು ಎಂದುಕೊಂಡದ್ದನ್ನು ಬಿಟ್ಟು ಎದುರಿಗೆ ಇದ್ದದ್ದನ್ನು ನೋಡುವುದು. ಮುದುಕನ ಕೈ ಎಂದರೆ ಹೀಗಿರುತ್ತದೆ ಎಂದು ಮನಸ್ಸು ಹೇಳುತ್ತದೆ, ಈ ಮುದುಕನ ಕೈ ಹಾಗಿರುವುದಿಲ್ಲ.

ಇನ್ನು ಧರ್ಮದ ಮಾತು. ಚಿತ್ರ ಬರೆಯುವವರನ್ನು ಪರಲೋಕದಲ್ಲಿ, ನೀವು ಸೃಷ್ಟಿಸಿದ್ದಕ್ಕೆ ಪ್ರಾಣ ತುಂಬಿರಿ ಎಂದು ಕೇಳಲಾಗುವುದು ಎಂಬ ಅರ್ಥದ ಹದೀಸು ಇದೆ. ಬುಖಾರಿಯಲ್ಲೇ ಇದೆ. ಇಲ್ಲ ಎಂದು ನಾವು ಸುಳ್ಳು ಹೇಳುವುದಿಲ್ಲ. ಇಬ್ನು ಅಬ್ಬಾಸರು ಚಿತ್ರಕಾರನೊಬ್ಬನಿಗೆ, ಬಿಡಿಸಲೇಬೇಕಾದರೆ ಮರಗಿಡ ಬಿಡಿಸು ಎಂದು ಸಲಹೆ ಕೊಟ್ಟದ್ದೂ ಇದೆ. ಆದರೆ ಅದೇ ಹದೀಸು ಸಂಗ್ರಹಗಳಲ್ಲಿ ಆಯಿಷಾರ ಮನೆಯ ಚಿತ್ರವಿದ್ದ ಪರದೆಯ ಪ್ರಸಂಗವೂ ಇದೆ. ಪ್ರವಾದಿಯವರಿಗೆ ಆ ಪರದೆ ಹಿಡಿಸಲಿಲ್ಲ. ಅದನ್ನು ಹರಿದು ದಿಂಬು ಮಾಡಿದ ಮೇಲೆ ಅದೇ ದಿಂಬಿಗೆ ಅವರು ಒರಗಿ ಕೂತರು. ಆಯಿಷಾರ ಬೊಂಬೆಗಳೂ, ಆ ಬೊಂಬೆಗಳ ನಡುವೆ ಇದ್ದ ರೆಕ್ಕೆಯ ಕುದುರೆಯೂ ಅಲ್ಲೇ ಇವೆ. ವಿಗ್ರಹ ಪೂಜೆಯಿಂದ ಆಗಷ್ಟೇ ಬಿಡಿಸಿಕೊಂಡು ಬಂದ ಜನಸಮುದಾಯಕ್ಕೆ ಹೇಳಿದ ಮಾತು ಯಾವ ಚಿತ್ರಕ್ಕೆ, ಯಾವ ಉದ್ದೇಶಕ್ಕೆ ಅನ್ವಯಿಸುತ್ತದೆ ಎಂಬುದರಲ್ಲಿ ವಿದ್ವಾಂಸರು ಮೊದಲಿನಿಂದಲೂ ಒಮ್ಮತಕ್ಕೆ ಬಂದಿಲ್ಲ. ನೆರಳು ಬೀಳುವ ಮೂರ್ತಿ ಬೇರೆ, ಕಾಗದದ ಮೇಲಿನ ಚಿತ್ರ ಬೇರೆ ಎಂದವರಿದ್ದಾರೆ. ಎರಡೂ ಒಂದೇ ಎಂದವರೂ ಇದ್ದಾರೆ. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಅಬ್ದುಹು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ, ಪೂಜೆಯ ಭಯವಿಲ್ಲದ ಕಡೆ ಚಿತ್ರ ಜ್ಞಾನದ ಸಾಧನ ಎಂಬ ನಿಲುವು ತಳೆದರು. ಅವರ ನಂತರ ಬಂದ ಮುಹಮ್ಮದ್ ಬಖೀತ್ ಅಲ್ ಮುತೀಈ, ಫೋಟೋ ಎಂದರೆ ನೆರಳನ್ನು ಹಿಡಿದಿಡುವುದಷ್ಟೇ, ಸೃಷ್ಟಿ ಅಲ್ಲ ಎಂದರು.

ಆ ಕೊನೆಯ ಅಭಿಪ್ರಾಯವನ್ನು ನಮ್ಮವರು ಎಷ್ಟು ಬೇಗ ಒಪ್ಪಿಕೊಂಡರು ನೋಡಿ! ಪಾಸ್‌ಪೋರ್ಟು ಬೇಕಾಗಿತ್ತು, ಗಲ್ಫಿಗೆ ಹೋಗಬೇಕಾಗಿತ್ತು. ಇವತ್ತು ನಿಕಾಹಿನ ಮನೆಯಲ್ಲಿ ಡ್ರೋನ್ ಹಾರುತ್ತದೆ. ಧಾರ್ಮಿಕ ಸಮ್ಮೇಳನದ ಫ್ಲೆಕ್ಸಿನಲ್ಲಿ ಭಾಷಣಕಾರರ ಮುಖ ಆಳೆತ್ತರ ಇರುತ್ತದೆ. ಚಿತ್ರ ಹರಾಮು ಎಂಬ ಉಪದೇಶವೂ ವಿಡಿಯೋದಲ್ಲೇ ಬರುತ್ತದೆ. ಯಂತ್ರ ಒಂದು ಕ್ಷಣದಲ್ಲಿ ಮಾಡಿದರೆ ಹಲಾಲ್, ಒಂದು ಹುಡುಗಿ ಮೂರು ಗಂಟೆ ಕಣ್ಣು ನೆಟ್ಟು ಕೈಯಿಂದ ಮಾಡಿದರೆ ಹರಾಮ್ ಎನ್ನುವುದು ಯಾವ ನ್ಯಾಯ? ಮೊಬೈಲನ್ನೂ ಬಿಟ್ಟು, ಫ್ಲೆಕ್ಸನ್ನೂ ಬಿಟ್ಟು, ಮನೆಯಲ್ಲಿ ಒಂದೂ ಮುಖದ ಚಿತ್ರ ಇಟ್ಟುಕೊಳ್ಳದೆ ಬದುಕುವ ಸಾಧು ಮನುಷ್ಯರು ನಮ್ಮಲ್ಲಿ ಈಗಲೂ ಕೆಲವರಿದ್ದಾರೆ. ಅವರ ಮುಂದೆ ನಾವು ತಲೆ ತಗ್ಗಿಸುತ್ತೇವೆ. ನಮ್ಮ ಜಗಳ ಅವರ ಜೊತೆ ಅಲ್ಲ.

ನಮ್ಮ ಪೂರ್ವಜರು ಈ ಪ್ರಶ್ನೆಯನ್ನು ಎದುರಿಸಲಿಲ್ಲವೇ? ಎದುರಿಸಿದರು. ಅಕ್ಬರ್ ಬಾದಶಹನ ಮಾತೊಂದನ್ನು ಅಬುಲ್ ಫಜಲ್ ದಾಖಲಿಸಿದ್ದಾನೆ. ಅದರ ತಾತ್ಪರ್ಯ ಇಷ್ಟು: ಜೀವಿಯೊಂದರ ಅಂಗ ಅಂಗವನ್ನೂ ಬಿಡಿಸುತ್ತಾ ಹೋದ ಚಿತ್ರಕಾರನಿಗೆ ಕೊನೆಗೆ ತಾನು ಇದಕ್ಕೆ ಪ್ರಾಣ ಕೊಡಲಾರೆ ಎಂಬುದು ಅರಿವಾಗುತ್ತದೆ, ಪ್ರಾಣ ಕೊಡುವವನ ನೆನಪು ಬರುತ್ತದೆ. ಹದೀಸಿನ ಎಚ್ಚರಿಕೆಯನ್ನು ತಳ್ಳಿಹಾಕದೆ ಅದನ್ನೇ ಚಿತ್ರಕಾರನ ಪ್ರಾರ್ಥನೆಯನ್ನಾಗಿ ಮಾಡಿಕೊಂಡ ಬಗೆ ಇದು. ನಮ್ಮದೇ ವಿಜಯಪುರದ ಹತ್ತಿರ ಕುಮಟಗಿಯಲ್ಲಿ ಆದಿಲ್‌ಶಾಹಿಗಳ ನೀರ ಮಂಟಪಗಳಿವೆ. ಅಲ್ಲಿನ ಗೋಡೆಗಳ ಮೇಲೆ ಕುಸ್ತಿಯಾಡುವವರ, ಪೋಲೋ ಆಡುವವರ ಚಿತ್ರಗಳಿದ್ದವು. ಈಗ ಮಾಸಿ, ಗೀಚಿಸಿಕೊಂಡು ಹೋಗಿವೆ.

ಆದರೆ ನಾವು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇನ್ನೊಂದು ಚಿತ್ರದ ಮುಂದೆ. 1618ನೆಯ ಇಸವಿ. ಜಹಾಂಗೀರನ ಆಪ್ತ ಸೇವಕರಲ್ಲಿ ಒಬ್ಬನಾದ ಇನಾಯತ್ ಖಾನ್ ಅಫೀಮು, ಮದ್ಯಗಳಿಂದ ದೇಹ ಹಾಳುಮಾಡಿಕೊಂಡು ಸಾಯುವ ಸ್ಥಿತಿಗೆ ಬಂದಿದ್ದ. ಆಗ್ರಾಕ್ಕೆ ಹೋಗಲು ಅಪ್ಪಣೆ ಬೇಡಿದ. ಪಲ್ಲಕ್ಕಿಯಲ್ಲಿ ಹೊತ್ತು ತಂದ ಅವನನ್ನು ನೋಡಿ ಬಾದಶಹ ಬೆರಗಾದ. ಮೂಳೆಯ ಮೇಲೆ ಎಳೆದ ಚರ್ಮವಷ್ಟೇ ಉಳಿದಿತ್ತು. ಜಹಾಂಗೀರ್ ತಕ್ಷಣ ಚಿತ್ರಕಾರರಿಗೆ ಇವನನ್ನು ಬಿಡಿಸಿ ಎಂದು ಆಜ್ಞೆ ಮಾಡಿದ. ಮರುದಿನ ಇನಾಯತ್ ಖಾನ್ ತೀರಿಕೊಂಡ. ಇದೆಲ್ಲವನ್ನೂ ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆಗ ಎದುರಿಗೆ ಕೂತು ಬರೆದ ರೇಖಾಚಿತ್ರ ಅಮೆರಿಕದ ಬಾಸ್ಟನ್ ಮ್ಯೂಸಿಯಮ್ಮಿನಲ್ಲೂ, ಬಣ್ಣದ ಚಿತ್ರ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲೂ ಇವೆ. ಎದೆ ತೆರೆದಿದೆ. ಪಕ್ಕೆಲುಬು ಎಣಿಸಬಹುದು. ದೊಡ್ಡ ದಿಂಬಿಗೆ ಒರಗಿದ್ದಾನೆ, ಕಣ್ಣು ಎತ್ತಲೋ ನೆಟ್ಟಿದೆ. ಆ ಗೆರೆಗಳಲ್ಲಿ ಗೇಲಿ ಇಲ್ಲ, ಅಲಂಕಾರವೂ ಇಲ್ಲ. ಜಗತ್ತಿನಲ್ಲಿ ಜೀವಂತ ಮಾದರಿಯ ಎದುರು ಕೂತು ಮಾಡಿದ ಶ್ರೇಷ್ಠ ಚಿತ್ರಗಳನ್ನು ಸಾಲಾಗಿ ಇಟ್ಟರೆ ಇದಕ್ಕೆ ಅಲ್ಲಿ ಜಾಗವಿದೆ. ಮಾಡಿದ್ದು ಮುಸ್ಲಿಂ ದೊರೆಯ ಆಸ್ಥಾನ. ಮಾದರಿ ಒಬ್ಬ ಮುಸ್ಲಿಂ. ನಮ್ಮ ಜಮಾಅತಿನ ಹಿರಿಯರಿಗೆ ಇದು ಗೊತ್ತಿರಲಾರದು. ಅದು ಅವರ ತಪ್ಪಲ್ಲ. ಹೇಳಬೇಕಾದ ನಾವು ಹೇಳಲಿಲ್ಲ.

ಬಾದಶಹ ಮಾಡಿದ್ದೆಲ್ಲ ದೀನ್ ಆಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಖಂಡಿತ ಆಗುವುದಿಲ್ಲ. ಜಹಾಂಗೀರನೂ ಮದ್ಯ, ಅಫೀಮುಗಳ ದಾಸನೇ. ಹಾಗಿದ್ದರೆ ಜೈನುಲ್ ಆಬಿದೀನ್ ಅವರ ಕಡೆ ನೋಡೋಣ. ಅವಿಭಜಿತ ಬಂಗಾಳದ ಮೈಮನ್‌ಸಿಂಗ್ ಜಿಲ್ಲೆಯಲ್ಲಿ 1914ರಲ್ಲಿ ಹುಟ್ಟಿದ ಇವರು ಕಲ್ಕತ್ತೆಯ ಸರಕಾರಿ ಕಲಾಶಾಲೆಯಲ್ಲಿ ಕಲಿತು ಅಲ್ಲೇ ಮೇಷ್ಟ್ರಾದವರು. 1943ರ ಬರಗಾಲದಲ್ಲಿ ಹಳ್ಳಿಗಳಿಂದ ಕಲ್ಕತ್ತೆಗೆ ಹರಿದುಬಂದ ಜನ ಫುಟ್‌ಪಾತಿನಲ್ಲಿ ಗಂಜಿಗೆ ಅಂಗಲಾಚುತ್ತಾ ಸಾಯುತ್ತಿದ್ದರು. ಆ ಬರದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಜೈನುಲ್ ಬೀದಿಗಿಳಿದರು. ಇದ್ದಿಲು ಸುಟ್ಟು ತಾವೇ ಮಸಿ ಮಾಡಿಕೊಂಡರು. ಅಗ್ಗದ ಪ್ಯಾಕಿಂಗ್ ಕಾಗದದ ಮೇಲೆ ಕುಂಚದಿಂದ ನಾಲ್ಕೈದು ದಪ್ಪ ಗೆರೆ ಎಳೆದು ತಾಯಿ, ಮಗು, ಎಂಜಲೆಲೆ, ಕಾಗೆಗಳನ್ನು ಬರೆದರು. ಕಲಾಶಾಲೆಯಲ್ಲಿ ವರ್ಷಗಟ್ಟಲೆ ಮಾದರಿಯ ಎದುರು ನಿಂತು ದೇಹದ ಭಾರ ಎಲ್ಲಿ ಬೀಳುತ್ತದೆ ಎಂದು ಕಲಿಯದ ಕೈ ಆ ಗೆರೆಗಳನ್ನು ಎಳೆಯಲಾರದು. ಹಸಿದವನ ಬೆನ್ನು ಬಾಗುವ ರೀತಿಯೇ ಬೇರೆ, ಅದು ಊಹೆಗೆ ಸಿಗುವಂಥದ್ದಲ್ಲ. ಮುಂದೆ 1948ರಲ್ಲಿ ಢಾಕಾದಲ್ಲಿ ಕಲಾಶಾಲೆ ಕಟ್ಟಿದವರೂ ಇವರೇ. ಬಂಗಾಳಿಗಳು ಇವರನ್ನು ಶಿಲ್ಪಾಚಾರ್ಯ ಎಂದು ಕರೆಯುತ್ತಾರೆ.

ಆ ಚಿತ್ರಗಳನ್ನು ಹರಾಮು ಎನ್ನಲು ಯಾರಿಗೆ ನಾಲಿಗೆ ಏಳುತ್ತದೆ? ಅಲ್ಲಿ ಹರಾಮಾದದ್ದು ಅನ್ನ ಮುಚ್ಚಿಟ್ಟವರ ಗೋದಾಮು.

ಈಗ ನಗ್ನತೆಯ ಪ್ರಶ್ನೆ. ಹಿರಿಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. 1857ರಲ್ಲಿ ಸ್ಥಾಪನೆಯಾದ ಮುಂಬಯಿಯ ಜೆ.ಜೆ. ಕಲಾಶಾಲೆಯಂಥ ಕಡೆ ಬಟ್ಟೆಯಿಲ್ಲದ ಮಾದರಿಯನ್ನು ನೋಡಿ ಬರೆಯುವ ಪದ್ಧತಿ ಇದೆ. ಅದು ಯುರೋಪಿನಿಂದ ಬಂದ ಕ್ರಮ. 1908ರಲ್ಲಿ ಕೈರೋದಲ್ಲಿ ರಾಜಕುಮಾರ ಯೂಸುಫ್ ಕಮಾಲ್ ಕಲಾಶಾಲೆ ತೆರೆದಾಗ ಅಲ್ಲಿಗೂ ಹೋಯಿತು, ಸುಮಾರು 1970ರ ದಶಕದಲ್ಲಿ ಅಲ್ಲಿಂದ ಹೊರಗೂ ಹಾಕಿಸಿಕೊಂಡಿತು. ಹಯಾ ಎಂಬ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬಟ್ಟೆಯಿಲ್ಲದ ಮನುಷ್ಯರ ಎದುರು ಕೂರಲು ಒಲ್ಲೆ ಎನ್ನುವ ವಿದ್ಯಾರ್ಥಿ, ಮುಸ್ಲಿಮನಾಗಲಿ ಯಾರೇ ಆಗಲಿ, ಹಾಗೆ ಹೇಳುವ ಹಕ್ಕುಳ್ಳವನು. ಅವನನ್ನು ಹಳ್ಳಿಗಮಾರ ಎಂದು ನಗುವ ಮೇಷ್ಟ್ರು ಕಲೆಯನ್ನೂ ಅರಿತವನಲ್ಲ. ಆದರೆ ತಾನು ಕೂರಲೊಲ್ಲೆ ಎಂಬ ಹಕ್ಕು ಒಂದು, ಇಡೀ ಕೋಣೆಗೆ ಬೀಗ ಹಾಕಿಸುವ ಅಧಿಕಾರ ಇನ್ನೊಂದು. ಎರಡನೆಯದನ್ನು ಯಾರೂ ನಮಗೆ ಕೊಟ್ಟಿಲ್ಲ.

ನಮ್ಮ ಮಕ್ಕಳು ಮೆಡಿಕಲ್ ಸೀಟಿಗಾಗಿ ಹಗಲಿರುಳು ಓದುತ್ತಾರೆ, ನಾವು ಹೊಲ ಮನೆ ಮಾರಿ ಫೀಸು ಕಟ್ಟುತ್ತೇವೆ. ಮೊದಲ ವರ್ಷವೇ ಅವರು ಮೇಜಿನ ಮೇಲೆ ಮಲಗಿಸಿದ ಬೆತ್ತಲೆ ಶವದ ಎದುರು ನಿಲ್ಲುತ್ತಾರೆ. ಆಗ ಜಮಾಅತಿನಿಂದ ಯಾರೂ ಅಂಗಡಿಗೆ ಬಂದು ಕೂರುವುದಿಲ್ಲ. ಮಸೀದಿಯಲ್ಲಿ ಸನ್ಮಾನವಾಗುತ್ತದೆ. ಅದು ಜೀವ ಉಳಿಸುವ ವಿದ್ಯೆ, ಅನಿವಾರ್ಯ, ಇದು ಹಾಗಲ್ಲ ಎಂದು ವಾದಿಸಬಹುದು. ಒಪ್ಪೋಣ. ಅನಿವಾರ್ಯ ಎಂಬುದಕ್ಕೆ ಶರೀಅತ್ತಿನಲ್ಲಿ ತೂಕವಿದೆ. ಆದರೆ ದೇಹವನ್ನು ನೋಡಿದ ಮಾತ್ರಕ್ಕೆ ಕಣ್ಣು ಕೆಡುತ್ತದೆ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. ನೋಟದ ಉದ್ದೇಶ ಏನು ಎಂಬುದಷ್ಟೇ ಉಳಿಯಿತು. ಮತ್ತು ಈ ತಂದೆಯ ಮಗಳ ಎದುರಿಗೆ ಕೂರುವುದು ಬಹುಶಃ ಪೇಟ ಸುತ್ತಿದ ಆ ಮುದುಕನೇ. ಅವನಿಂದ ಅವಳ ಈಮಾನಿಗೆ ಏನು ಅಪಾಯ?

ನಮ್ಮವರ ಮೇಲೆ ಇಷ್ಟು ಹರಿಹಾಯ್ದ ಮೇಲೆ ಆಚೆ ಕಡೆಯವರು ಚಪ್ಪಾಳೆ ತಟ್ಟುವುದು ಬೇಡ. ಕಲಾಶಾಲೆಯ ಬಾಗಿಲು ಮುರಿಯುವ ಕೆಲಸದಲ್ಲಿ ಅವರು ನಮ್ಮ ಮುಲ್ಲಾಗಳಿಗಿಂತ ಬಹಳ ಮುಂದಿದ್ದಾರೆ. 2007ರ ಮೇ ತಿಂಗಳಲ್ಲಿ ಬರೋಡದ ಲಲಿತಕಲಾ ವಿಭಾಗಕ್ಕೆ ನುಗ್ಗಿ, ಪರೀಕ್ಷೆಗೆಂದು ಚಿತ್ರ ಇಟ್ಟಿದ್ದ ವಿದ್ಯಾರ್ಥಿ ಚಂದ್ರಮೋಹನನನ್ನು ಜೈಲಿಗೆ ಕಳಿಸಿದವರು, ಅವನ ಪರ ನಿಂತ ಡೀನ್ ಶಿವಾಜಿ ಪಣಿಕ್ಕರ್ ಅವರನ್ನು ಅಮಾನತು ಮಾಡಿಸಿದವರು ಯಾರು? ಎಂ.ಎಫ್. ಹುಸೇನರು ಹಿಂದೆಂದೋ ಬರೆದ ರೇಖಾಚಿತ್ರಗಳನ್ನು 1996ರಲ್ಲಿ ಹೆಕ್ಕಿ ತೆಗೆದು, 1998ರಲ್ಲಿ ಅವರ ಮುಂಬಯಿ ಮನೆಗೆ ನುಗ್ಗಿದವರು ಯಾರು? 2008ರ ಮೇ ತಿಂಗಳಲ್ಲಿ ದಿಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಹುಸೇನರ ಮೇಲಿನ ಮೊಕದ್ದಮೆಗಳನ್ನು ವಜಾ ಮಾಡಿದರೂ ಆ ಮುದುಕ ಊರಿಗೆ ಬರಲಾಗಲಿಲ್ಲ. 2010ರಲ್ಲಿ ಕತಾರಿನ ಪೌರತ್ವ ಪಡೆದು 2011ರ ಜೂನ್ 9ರಂದು ಲಂಡನ್ನಿನಲ್ಲಿ ಕಣ್ಣುಮುಚ್ಚಿದರು.

ಆದರೆ ನಾವು ಮರೆಯಲು ಇಷ್ಟಪಡುವ ಇನ್ನೊಂದು ಸಂಗತಿ ಇದೆ. 2004ರಲ್ಲಿ ಇದೇ ಹುಸೇನರ ‘ಮೀನಾಕ್ಷಿ’ ಸಿನಿಮಾದ ಒಂದು ಹಾಡಿನಲ್ಲಿ ಖುರ್‌ಆನಿನ ಪದಗಳಿವೆ ಎಂದು ಗಲಾಟೆ ಮಾಡಿ, ಚಿತ್ರಮಂದಿರದಿಂದ ಅದನ್ನು ವಾಪಸು ತೆಗೆಸಿದವರು ನಮ್ಮವರೇ. ಆಮೇಲೆ ಅವರು ದೇಶ ಬಿಟ್ಟಾಗ ಹುಸೇನರು ನಮ್ಮವರು ಎಂದು ಕಣ್ಣೀರು ಹಾಕಿದೆವು.

ಇಷ್ಟೆಲ್ಲ ಗದ್ದಲದಲ್ಲಿ ಯಾರೂ ಮಾತಾಡದ ಒಬ್ಬರಿದ್ದಾರೆ. ಕಟ್ಟೆಯ ಮೇಲೆ ಕೂತವರು. ಹಿಂದುತ್ವದವರಿಗೆ ಅವರು ಸಂಸ್ಕೃತಿ ಕೆಡಿಸುವವರು, ನಮ್ಮ ಮುಲ್ಲಾಗಳಿಗೆ ಹಯಾ ಇಲ್ಲದವರು, ಕಲಾವಿದರಿಗೆ ಸ್ಟಿಲ್ ಲೈಫಿನ ಹೂಜಿಯ ಹಾಗೆ ಒಂದು ವಸ್ತು. ಜೆ.ಜೆ.ಯಲ್ಲಿ ಮಾದರಿಯಾಗಿ ಕೂರುವ ಬಡ ಹೆಂಗಸೊಬ್ಬಳ ಬದುಕನ್ನು ಕುರಿತು ರವಿ ಜಾಧವ್ ‘ನ್ಯೂಡ್’ ಎಂಬ ಮರಾಠಿ ಚಿತ್ರ ಮಾಡಿದರು. ಗೋವಾ ಚಿತ್ರೋತ್ಸವದ ತೀರ್ಪುಗಾರರು ಅದನ್ನು ಆರಿಸಿದ್ದರೂ 2017ರಲ್ಲಿ ಕೇಂದ್ರದ ವಾರ್ತಾ ಇಲಾಖೆ ಪಟ್ಟಿಯಿಂದ ಕೈಬಿಟ್ಟಿತು. ಮುಂದಿನ ವರ್ಷ ಅದು ತೆರೆಕಂಡಿತು. ಗಂಡನನ್ನು ಬಿಟ್ಟು ಬಂದವಳು, ಮಗನನ್ನು ಓದಿಸಲು ಈ ಕೆಲಸ ಮಾಡುತ್ತಾಳೆ, ಮಗನಿಗೆ ಹೇಳುವ ಹಾಗಿಲ್ಲ. ಅವಳ ಸಂಕಟ ಸಿನಿಮಾದವರು ಕಟ್ಟಿದ ಕತೆ ಎಂದು ತಳ್ಳಿಹಾಕುವಂಥದ್ದಲ್ಲ.

ಅಲುಗಾಡದೆ ಕೂರುವುದು ಎಷ್ಟು ಕಷ್ಟ ಎಂದು ಓದುಗರು ಒಮ್ಮೆ ಪರೀಕ್ಷಿಸಬೇಕು. ಇಪ್ಪತ್ತು ನಿಮಿಷ ಒಂದೇ ಕಡೆ ನೋಡುತ್ತಾ, ಒಂದು ಕೈಯನ್ನು ಸೊಂಟದ ಮೇಲಿಟ್ಟು ನಿಲ್ಲಿ. ಹತ್ತನೆಯ ನಿಮಿಷಕ್ಕೆ ಭುಜ ಉರಿಯುತ್ತದೆ, ಹದಿನೈದಕ್ಕೆ ಕಾಲು ಜೋಮು ಹಿಡಿಯುತ್ತದೆ. ತರಾವೀಹಿನಲ್ಲಿ ಉದ್ದನೆಯ ಕಿಯಾಮ್ ನಿಂತವರಿಗೆ ಇದರ ಅಂದಾಜು ಸ್ವಲ್ಪ ಇದ್ದೀತು, ಆದರೆ ಅಲ್ಲಿ ರುಕೂ, ಸುಜೂದ್ ಬರುತ್ತವೆ. ಇಡೀ ದಿನ ಹೀಗೆ ಕೂತ ಕೆಲಸಕ್ಕೆ ಸಿಗುವುದು ದಿನಗೂಲಿ. ಪಿಂಚಣಿ ಇಲ್ಲ, ರಜೆ ಇಲ್ಲ, ಕಾಯಿಲೆ ಬಿದ್ದರೆ ಇನ್ನೊಬ್ಬ ಮುದುಕ. ಚಿತ್ರ ಗ್ಯಾಲರಿಯಲ್ಲಿ ಲಕ್ಷಕ್ಕೆ ಹೋಗುತ್ತದೆ, ಕೆಳಗಿನ ಚೀಟಿಯಲ್ಲಿ ‘ಕುಳಿತ ಹೆಂಗಸು’ ಎಂದಿರುತ್ತದೆ. ಇನಾಯತ್ ಖಾನನ ಹೆಸರಾದರೂ ನಾಲ್ಕು ಶತಮಾನ ಉಳಿಯಿತು. ದಾರಿಖರ್ಚಿಗೆಂದು ಜಹಾಂಗೀರ್ ಅವನಿಗೆ 2000 ರೂಪಾಯಿ ಕೊಟ್ಟದ್ದೂ ದಾಖಲಾಗಿದೆ. ಸಾಯುತ್ತಿದ್ದ ಆ ಮನುಷ್ಯನನ್ನು ಬಿಡಿಸಲೇ ಎಂದು ಯಾರಾದರೂ ಕೇಳಿದರೇ ಎಂಬುದು ಮಾತ್ರ ದಾಖಲಾಗಿಲ್ಲ. ಕೇಳಿರಲಾರರು. ಆ ಚಿತ್ರವನ್ನು ಮೆಚ್ಚುವಾಗಲೂ ಈ ಮುಳ್ಳು ನಮ್ಮನ್ನು ಬಿಡುವುದಿಲ್ಲ.

ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿ ಕೊಡಿ ಎಂಬ ಪ್ರವಾದಿ ವಚನವನ್ನು ನಮ್ಮ ಖತೀಬರು ಮೇ ತಿಂಗಳ ಒಂದನೇ ತಾರೀಕಿನ ಆಸುಪಾಸಿನಲ್ಲಿ ತಪ್ಪದೆ ಹೇಳುತ್ತಾರೆ. ಕಲಾಶಾಲೆಯ ಮುಂದೆ ಮುಸ್ಲಿಮನೊಬ್ಬ ಧರ್ಮದ ಹೆಸರಿನಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಇದು: ಇವರಿಗೆ ಎಷ್ಟು ಕೊಡುತ್ತೀರಿ? ಯಾವಾಗ ಕೊಡುತ್ತೀರಿ? ಒಪ್ಪಿ ಬಂದವರೇ, ಬೇರೆ ದಾರಿ ಇಲ್ಲದೆ ಬಂದವರೇ?

ನಾವು ಆ ತಂದೆಗೆ ಇದನ್ನೆಲ್ಲ ಬರೆಯಲಿಲ್ಲ. ಸಣ್ಣ ಉತ್ತರ ಬರೆದೆವು. ಕಾಲೇಜಿಗೆ ಮಗಳ ಜೊತೆ ನೀವೇ ಒಮ್ಮೆ ಹೋಗಿ, ಲೈಫ್ ಸ್ಟಡಿ ನಡೆಯುವ ಕೋಣೆ ನೋಡಿ, ಮೇಷ್ಟ್ರ ಜೊತೆ ಮಾತಾಡಿ, ಕಟ್ಟೆಯ ಮೇಲೆ ಕೂತವರನ್ನೂ ಮಾತಾಡಿಸಿ ಎಂದೆವು. ನಿಮ್ಮೂರಿನಲ್ಲಿ ಮನೆಮನೆಯ ಜಗಲಿಯಲ್ಲಿ ಬೆನ್ನು ಬಗ್ಗಿಸಿ ಬೀಡಿ ಕಟ್ಟುವ ಹೆಂಗಸರಿದ್ದಾರೆ, ಆ ಬೆನ್ನುಗಳನ್ನು ಇದುವರೆಗೆ ಯಾರೂ ಸರಿಯಾಗಿ ಬರೆದಿಲ್ಲ, ನಿಮ್ಮ ಮಗಳು ಕಲಿತು ಬಂದರೆ ಬರೆದಾಳು ಎಂದೂ ಸೇರಿಸಿದೆವು.

ಮೊನ್ನೆ ಅವರಿಂದ ಒಂದು ಕಾರ್ಡು ಬಂತು. ಕಾಲೇಜಿಗೆ ಹೋಗಿ ಬಂದರಂತೆ. ಕಟ್ಟೆಯ ಮೇಲೆ ಕೂತಿದ್ದ ಮುದುಕ ಮೊದಲು ಧಕ್ಕೆಯಲ್ಲಿ ಮೀನು ಹೊರುತ್ತಿದ್ದವನಂತೆ, ಬ್ಯಾರಿ ಮಾತಾಡಿದನಂತೆ. ಅರ್ಜಿ ಹಾಕಿದ್ದಾರೆ. ಹಿರಿಯರು ಈಗ ಅಂಗಡಿಗೆ ಬರುತ್ತಿಲ್ಲ, ತಿಂಗಳ ಸಾಮಾನನ್ನೂ ಬೇರೆ ಕಡೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಕೊನೆಯಲ್ಲಿ ಬರೆದಿದ್ದಾರೆ.